ಕಂಬಳಿಯ ಕೆಳಗಿನ ಕಡಲು

ಗುರುವಾರ, ಮಾರ್ಚ್ ೧೨

ಮನೆಯ ಅಕ್ವೇರಿಯಂನಲ್ಲಿ ಇವತ್ತು ಇನ್ನೊಂದು ಬಸವನಹುಳು ಸತ್ತಿತು. ಹವಳದ ಮೇಲಿನ ಕಂದು ಲೋಳೆಯನ್ನು ಬರೀ ಪಾಚಿ ಎಂದುಕೊಂಡು ವಾರವಾರವೂ ಉಪ್ಪುನೀರು ಬದಲಾಯಿಸುತ್ತಾ ಬಂದೆ. ಕೊನೆಗೆ ಸಾಕುಮೀನಿನ ಅಂಗಡಿಯವರು ಹೇಳಿದಂತೆ ಲೋಳೆಯನ್ನು ಬಾಟಲಿಯಲ್ಲಿ ಕುಲುಕಿ, ಸೋಸಿ, ಬೆಳಕಿನಲ್ಲಿಟ್ಟೆ. ನೋಡನೋಡುತ್ತಲೇ ತಿಳಿನೀರಿನಲ್ಲಿ ಎಳೆಎಳೆಯಾಗಿ ಮತ್ತೆ ಕೂಡಿಕೊಂಡಿತು. ಮಾಮೂಲಿ ಪಾಚಿ ಹೀಗೆ ಮಾಡುವುದಿಲ್ಲ. ಇದು ವಿಷ ಕಾರುವ ಜಾತಿ, ಹೊಸ ನೀರು ಸುರಿದಷ್ಟೂ ಕೊಬ್ಬುತ್ತದಂತೆ.

"ಸುಮ್ನೆ ಬಿಡು, ಕೈ ಹಾಕ್ಬೇಡ ಅಂತ ಬಡ್ಕೊಂಡೆ" ಎಂದರು ನಮ್ಮ ಮನೆಯವರು. ಮೈ ಉರಿದುಹೋಯಿತು.

ಈಗ ದೀಪ ಆರಿಸಿ, ತೊಟ್ಟಿಗೆ ಕಂಬಳಿ ಹೊದಿಸಿದ್ದೇನೆ. ಮೂರು ದಿನದ ಕತ್ತಲಲ್ಲಿ ಅದು ಸಾಯಬೇಕು, ಹವಳ ಉಳಿಯಬೇಕು. ಎತ್ತಿ ನೋಡುವ ಹಾಗಿಲ್ಲ.

ಮಲಗುವ ಮುಂಚೆ ಮಗಳು ಕಂಬಳಿಗೆ ಬಾಯಿಟ್ಟು ಮೀನುಗಳಿಗೆ, "ಹೆದರ್ಕೋಬೇಡಿ, ಅಮ್ಮ ಇಲ್ಲೇ ಇದಾಳೆ" ಎಂದಳು.

ಅವು ಹೆದರಬೇಕಾದದ್ದು ಈ ಅಮ್ಮನಿಗೇ.