ಎಡಗೈಯ ಗಂಟು

ಹಲಸೂರು, ಏಪ್ರಿಲ್ 1946

ಅಪ್ಪಾ,

ಕಚೇರಿ ನಡೆಸುವವರು ನಿನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆಂದರು, ಕೂರಿಸಲಿಲ್ಲ. ಹೆಸರು ಹೇಳಿ ಶಾಲು ಹೊದಿಸುತ್ತೇವೆಂದರು, ಹೊದಿಸಲಿಲ್ಲ. ನೀನು ಚರ್ಮ ಹದಮಾಡಿ ಬಿಗಿದ ಮೃದಂಗ ಒಳಗೆ ನುಡಿಯಿತು. ನೀನು ಸಾಯುವವರೆಗೂ ಚಪ್ಪರದ ಹೊರಗೇ ನಿಂತೆ.

ಇವತ್ತು ಕೋಲಾರದಿಂದ ಬಂದು, ಇಲ್ಲಿನ ರಾಮೋತ್ಸವದ ಸಂಗೀತ ಕಚೇರಿಗೆ ಟಿಕೆಟ್ ಕೊಂಡು ಮೊದಲ ಸಾಲಿನಲ್ಲೇ ಕೂತೆ. ವಿದ್ವಾಂಸರ ಮೃದಂಗದ ಬಾರಿನಲ್ಲಿ ನೀನು ಎಡಗೈಯಿಂದ ಹಾಕುತ್ತಿದ್ದ ಗಂಟು ಕಂಡಿತು. ಪಕ್ಕದವರು ತೊಡೆ ತಟ್ಟಿ, “ಏನ್ ನಾದ ರೀ! ಯಾರ್ ಮಾಡಿದ್ದು, ಗೊತ್ತಾ ನಿಮ್ಗೆ?” ಎಂದರು.

ನಮ್ಮ ಜನರ ಹಕ್ಕಿಗಾಗಿ ಊರೂರ ಸಭೆಗಳಲ್ಲಿ ಗುಡುಗುವ ನಿನ್ನ ಮಗ, “ಗೊತ್ತಿಲ್ಲ ಸ್ವಾಮಿ” ಎಂದ.

“ಮೈಸೂರಿಂದ ತರ್ಸಿರ್ಬೇಕು ಬಿಡಿ.”

ಈ ಊರಿನಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ. ಇವತ್ತು ಪಕ್ಕದಲ್ಲಿ ಕೂತಿದ್ದವರು ಇಲ್ಲಿನ ಒಂದು ಕಚೇರಿಯನ್ನೂ ತಪ್ಪಿಸುವುದಿಲ್ಲವಂತೆ. ಚಲುವಯ್ಯ ಎಂಬ ನಿನ್ನ ಹೆಸರನ್ನು ಅವರ ಪಕ್ಕದಲ್ಲೇ ಕೂತು ಹೇಳಬೇಕು: ಬರುವ ಭಾನುವಾರ, ಸಂಜೆ ಆರರ ಕಚೇರಿಯಲ್ಲಿ.