ಲಕೋಟೆಯೊಳಗಿನ ಏಳು ಸ್ವರ

ಮನೆಯಿಂದ,
ನವೆಂಬರ್ ೧೦, ಸೋಮವಾರ ಮಧ್ಯಾಹ್ನ

ಪ್ರೀತಿಯ ಚಿನ್ನೂ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಎಡಗೈ ಬೆರಳು ಬಿರಿದಿದೆ ಎಂದು ಬರೆದಿದ್ದೆ. ಎರಡು ದಿನ ಅಭ್ಯಾಸ ಬಿಟ್ಟರೆ ಪಿಟೀಲೇನೂ ನಿನ್ನ ಮೇಲೆ ಮುನಿಸಿಕೊಳ್ಳುವುದಿಲ್ಲ, ಬೆರಳಿಗೆ ಸ್ವಲ್ಪ ರಜ ಕೊಡು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿಮ್ಮಪ್ಪ ನಿನ್ನ ಕೋಣೆಯನ್ನು ತಮ್ಮ ಹಳೆಯ ರೇಡಿಯೋಗಳಿಗೆ ಬಿಟ್ಟುಕೊಡಬೇಕೆಂದು ಅರ್ಜಿ ಹಾಕಿದ್ದಾರೆ. ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದ್ದನ್ನೆಲ್ಲ ನುಂಗಿಬಿಡುತ್ತೇನೆ.

ನಿನ್ನೆ ಸಂಜೆ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಎಂದಿನಂತೆ ಎಲ್ಲರೂ ಸುತ್ತಲೂ ಕುರ್ಚಿ ಹಾಕಿಕೊಂಡು ಕುಳಿತಿದ್ದೆವು. ಅಂಚೆಯವರು ಡೋಲು ಹಿಡಿದಿದ್ದರು, ನರ್ಸಮ್ಮ ಹಾಡುತ್ತಿದ್ದರು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಎತ್ತಿಕೊಂಡು, ಆ ಕ್ಷಣಕ್ಕೆ ಹೊಳೆದದ್ದನ್ನು ಸೇರಿಸಿ ಪಕ್ಕದವರಿಗೆ ದಾಟಿಸುವ ನಮ್ಮ ಪದ್ಧತಿ ನಿನಗೆ ಗೊತ್ತಿರುವುದೇ. ಬೀಗದಂಗಡಿಯವರ ಮಗಳೂ ಕೊಳಲು ತಂದಿದ್ದಳು. ಹೋದ ವರ್ಷ ತಡವಾಗಿ ಬಂದವರೆಲ್ಲ ಬಾಗಿಲನ್ನು ಕಿರುಗುಟ್ಟಿಸುತ್ತಿದ್ದಾಗ ಅವಳು ಆ ಸದ್ದನ್ನೇ ಎತ್ತಿಕೊಂಡು ನುಡಿಸುತ್ತಾ ಹೋಗಿ, ಹೊಟ್ಟೆ ಹಿಡಿದು ನಗುತ್ತಿದ್ದವರನ್ನು ಕೊನೆಗೆ ಉಸಿರೆತ್ತದ ಹಾಗೆ ಮಾಡಿದ್ದಳಲ್ಲ. ಮರುವಾರ ಅವರಪ್ಪ ಬಾಗಿಲಿನ ಕೀಲುಗಳಿಗೆ ಎಣ್ಣೆ ಹಾಕಲು ಬಂದರೆ ಯಾರೂ ಬಿಡಲಿಲ್ಲ. ನಿನ್ನೆ ಮಾತ್ರ ಸರದಿ ಬಂದಾಗ ತಲೆಯಾಡಿಸಿ, ನುಡಿಸದೆಯೇ ದಾಟಿಸಿಬಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು, "ನನಗೆ ತಕ್ಷಣಕ್ಕೆ ಏನೂ ಹೊಳೆಯಲ್ಲ ಟೀಚರ್, ಪರೀಕ್ಷೆಯಲ್ಲೇ ಗೊತ್ತಾಯ್ತಲ್ಲ. ನೀವು ಬರೆದುಕೊಡಿ, ಬಾಯಿಪಾಠ ಮಾಡಿ ನುಡಿಸ್ತೀನಿ" ಎಂದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ನಿನ್ನ ಸಂಗೀತ ಶಾಲೆಯ ಆ ಒಂದೇ ಒಂದು ಸೀಟಿಗೆ ಇಲ್ಲಿಂದ ಪರೀಕ್ಷೆಗೆ ಕೂತವರು ನೀನೂ ಅವಳೂ ಇಬ್ಬರೇ. ಲಕೋಟೆ ಒಡೆದು ಏಳು ಸ್ವರಗಳ ಒಂದು ಎಳೆ ಕೊಡುತ್ತಾರೆ, ಅದನ್ನು ಐದು ನಿಮಿಷ ಸ್ವಂತವಾಗಿ ಬೆಳೆಸಬೇಕು. ಪರೀಕ್ಷಕರಲ್ಲಿ ಒಬ್ಬಳಾಗಿದ್ದ ನಾನು, ಮಗಳು ಕೂತಿದ್ದಾಳೆಂದು ಅಂಕ ಹಾಕುವುದರಿಂದ ಹಿಂದೆ ಸರಿದೆ. ಎಷ್ಟು ಪ್ರಾಮಾಣಿಕಳು ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆದರೆ ಲಕೋಟೆಯೊಳಗಿನ ಸ್ವರಗಳನ್ನು ವರ್ಷವೂ ಬರೆಯುವವಳು ನಾನೇ. ಆ ಕಡೆ ಯಾರ ಗಮನವೂ ಹೋಗಲಿಲ್ಲ, ನಾನೂ ನೆನಪಿಸಲಿಲ್ಲ.

ಪರೀಕ್ಷೆಯ ಹಿಂದಿನ ವಾರ ನಾನು ಮನೆಯಲ್ಲಿ ಗುನುಗುತ್ತಿದ್ದದ್ದು ಅದನ್ನೇ ಚಿನ್ನೂ. ಮೊದಲ ದಿನ ತರಕಾರಿ ಹೆಚ್ಚುವಾಗ ತಾನಾಗಿ ಬಾಯಿಗೆ ಬಂತು, ಅದು ನಿಜ. ಸ್ವಲ್ಪ ಹೊತ್ತಿಗೆ ಒಳಕೋಣೆಯಲ್ಲಿ ನಿನ್ನ ಪಿಟೀಲು ಅದನ್ನೇ ತಿರುಗಿಸಿ ಮುರುಗಿಸಿ ನುಡಿಯುವುದು ಕೇಳಿಸಿತು. ಎರಡನೆಯ ದಿನದಿಂದ ಬೇಕೆಂದೇ ಗುನುಗಿದೆ. ಬಟ್ಟೆ ಮಡಿಸುವಾಗ, ನಿನ್ನ ತಲೆ ಬಾಚುವಾಗ, ನೀನು ಪುಸ್ತಕ ಹಿಡಿದು ಕೂತಾಗ. ರಾಗವೆಂದರೆ ಗಾವುದ ದೂರ ಓಡುವ ನಿಮ್ಮಪ್ಪ ಕೂಡ ಗಡ್ಡ ಹೆರೆಯುತ್ತಾ ಅದನ್ನೇ ಹಾಡುವಷ್ಟಾಯಿತು. ಬರೆದಿಟ್ಟದ್ದನ್ನು ನೀನು ಚೆನ್ನಾಗಿ ನುಡಿಸುತ್ತೀಯ, ಹೊಸದು ಎದುರಾದರೆ ಅಲ್ಲೇ ನಿಂತುಬಿಡುತ್ತೀಯ ಎಂದು ನನಗೆ ಭಯವಿತ್ತು. ಭಯ ಎನ್ನುವುದೂ ಸುಳ್ಳೇ, ನಿನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ನೀನು ನೀರು ಕುಡಿದಷ್ಟು ಸಲೀಸಾಗಿ ಶುರುಮಾಡಿದೆ. ಅವಳು ಆ ಸ್ವರಗಳನ್ನು ಮೊದಲ ಸಲ ನೋಡಿದ್ದಳು, ಒಂದು ನಿಮಿಷ ತಡವರಿಸಿ ಆಮೇಲೆ ದಾರಿ ಹಿಡಿದಳು. ಹುಡುಕುವವರು ತಡವರಿಸುತ್ತಾರೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಅವಳು ಒಂದೇ ಅಂಕದಿಂದ ಸೋತಳು. ವಾಪಸು ಬರುವಾಗ ಬಸ್ಸಿನಲ್ಲಿ ನೀನು, "ಅಮ್ಮಾ, ಎಲ್ಲೋ ಕೇಳಿದ ಹಾಗಿತ್ತು" ಎಂದೆ. "ಒಳ್ಳೇ ರಾಗ ಯಾವುದಾದರೂ ಹಾಗೇ ಅನ್ಸುತ್ತೆ ಕಣೇ" ಎಂದು ಕಿಟಕಿಯ ಕಡೆ ತಿರುಗಿದೆ. ನೀನು ಮತ್ತೆ ಕೇಳಲಿಲ್ಲ. ಇಬ್ಬರು ಮಕ್ಕಳಿಗೂ ಮೋಸ ಮಾಡಿದೆ, ನನಗೆ ನಾಚಿಕೆಯಾಗುತ್ತಿದೆ. ನಿನ್ನದು ಎಳ್ಳಷ್ಟೂ ತಪ್ಪಿಲ್ಲ, ಈ ಸಾಲನ್ನು ಹತ್ತು ಸಲ ಓದಿಕೋ.

ಸಿಟ್ಟು ಬಂದರೆ ಪತ್ರವನ್ನು ಹರಿದುಹಾಕು, ಊಟ ಮಾತ್ರ ಬಿಡಬೇಡ. ಕೋಣೆಯ ಗೆಳತಿಯನ್ನು ಕೇಳಿದೆನೆಂದು ಹೇಳು. ನಿಮ್ಮಪ್ಪನ ಆಶೀರ್ವಾದ ನಿನಗಿದೆ. ನನ್ನದೂ ಇದೆ, ನಿನಗೆ ಬೇಕೆನ್ನಿಸಿದರೆ.

ನಿನ್ನ
ಅಮ್ಮ

ತಾ.ಕ.: ಇದನ್ನು ಮೇಲೆಯೇ ಬರೆಯಲು ಧೈರ್ಯ ಸಾಲಲಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ಹೇಳಿ ಬಂದೆ. ಅವರು ನನ್ನೆದುರಿಗೇ ನಿಮ್ಮ ಶಾಲೆಗೆ ಫೋನ್ ಮಾಡಿದರು. ಆ ಸೀಟು ಈಗ ಯಾರದೂ ಅಲ್ಲ. ಇಪ್ಪತ್ತನೇ ತಾರೀಖು ನೀವಿಬ್ಬರೂ ಮತ್ತೆ ನುಡಿಸಬೇಕು, ಲಕೋಟೆ ಹೊರಗಿನವರದು. ಈ ಪತ್ರ ತಲುಪುವವರೆಗೆ ನಿನಗೆ ಯಾರೂ ಹೇಳಬಾರದೆಂದು ಕೇಳಿಕೊಂಡಿದ್ದೇನೆ. ಬರುವ ದಾರಿಯಲ್ಲಿ ಬೀಗದಂಗಡಿಗೂ ಹೋಗಿದ್ದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಅವಳಿಗೂ ಗೊತ್ತಿತ್ತಾ ಟೀಚರ್?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ.