ಓರೆಯಾಗಿ ಕೂತ ಯೂನಿಫಾರ್ಮ್

ಅಪ್ಪನ ಟೈಲರ್ ಅಂಗಡಿಯ ಮಹಡಿ
ಗುರುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಭಾವನ ಕೆಮ್ಮು ಬಿಟ್ಟಿತೇ? ನಿನ್ನ ಮಗ, ನಮ್ಮ ಸಿಪಾಯಿ, ಹನ್ನೆರಡು ತುಂಬಿದ ಮೇಲೂ ಊಟಕ್ಕೆ ರಾಗ ಎಳೆಯುತ್ತಾನೆಯೇ? ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿ ಏನು ಬಂತು, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ನಮ್ಮ ಗುಬ್ಬಿಗೆ ಆಪರೇಷನ್ ಬೇಡವಂತೆ ಕಣೇ!

ಯಾವ ಆಪರೇಷನ್ ಅಂತೀಯಾ? ನೀನು ಗಾಬರಿಯಾಗುತ್ತೀಯೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಬೈಯಬೇಡ. ಹುಟ್ಟಿದಾಗಿನಿಂದ ನನ್ನ ಮಗಳಿಗೆ ತಾತನ ಕೈಯ ಬಟ್ಟೆಯೇ. ಹೋದ ವರ್ಷ ಶಾಲೆಯವರು ಯೂನಿಫಾರ್ಮನ್ನು ಅಂಗಡಿಯಲ್ಲೇ ಕೊಳ್ಳಬೇಕೆಂದರು. ಕೊಂಡ ಅಂಗಿ ಅವಳ ಮೈಮೇಲೆ ಓರೆಯಾಗಿ ಕೂತಿತು. "ಹೊಲಿಯೋಕೆ ಬರದವರು ಹೊಲಿದರೆ ಹೀಗೇ" ಎಂದು ಅಪ್ಪ ಮುಖ ಊದಿಸಿಕೊಂಡು ವಾಪಸ್ಸು ಕಳಿಸಿದರು. ಬದಲಿಗೆ ತಂದದ್ದೂ ಅದೇ ಕಡೆ ವಾಲಿದಾಗ ನನಗೆ ಅನುಮಾನ ಬಂತು. ಅಂಗಿ ಬಿಚ್ಚಿಸಿ, ಮುಂದಕ್ಕೆ ಬಗ್ಗಿಸಿ ನೋಡಿದರೆ ಬೆನ್ನೆಲುಬು ಒಂದು ಕಡೆಗೆ ಬಾಗಿತ್ತು. ಬಾಗು ಹೆಚ್ಚಿದರೆ ಆಪರೇಷನ್ನೇ ಎಂದರು ಡಾಕ್ಟರಮ್ಮ. ಆಗಿನಿಂದ ಎದೆಯಿಂದ ಸೊಂಟದವರೆಗೆ ಗಟ್ಟಿ ಬೆಲ್ಟು. ಅವಳ ಅಳು, ನನ್ನ ರಂಪ, ಕೇಳಬೇಡ.

ಇವತ್ತು ಎಕ್ಸ್‌ರೇ ನೋಡಿ ಡಾಕ್ಟರಮ್ಮ ನಕ್ಕೇಬಿಟ್ಟರು. ಬಾಗು ಅಲ್ಲೇ ನಿಂತಿದೆ, ಒಂದಿಷ್ಟೂ ಹೆಚ್ಚಿಲ್ಲ! "ಬೆಳೆಯೋ ವಯಸ್ಸಲ್ಲೇ ಕಣ್ಣಿಗೆ ಬಿತ್ತಲ್ಲ, ಅದಕ್ಕೇ ಬೆಲ್ಟು ಹಿಡೀತು" ಎಂದರು. ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಬರುತ್ತದಂತೆ. ಯಾರಿಗೆ ಬರುತ್ತದೆ, ಯಾರನ್ನು ಬಿಡುತ್ತದೆ ಎಂದು ಹೇಳಲಾಗದಂತೆ. ನನ್ನನ್ನೂ ಜೊತೆಗೆ ಬಂದಿದ್ದ ಅಪ್ಪನನ್ನೂ ಬಗ್ಗಿಸಿ ನೋಡಿದರು. ನನ್ನದು ನೆಟ್ಟಗಿದೆ. ಅಪ್ಪನದು ಬಾಗು! ಜೀವಮಾನವೆಲ್ಲ ಕಂಡವರಿಗೆ "ನೆಟ್ಟಗೆ ನಿಂತ್ಕೊಳ್ಳಿ" ಎನ್ನುತ್ತಾ ಅಳತೆ ತೆಗೆದ ಮನುಷ್ಯ! "ವಯಸ್ಸಾಯ್ತು, ಅಷ್ಟೇ" ಎಂದು ಗೊಣಗುತ್ತಾ ಅವರು ಗುಂಡಿ ಹಾಕಿಕೊಂಡರೆ ಗುಬ್ಬಿ ಬಿದ್ದು ಬಿದ್ದು ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿ ಸಂತೋಷಕ್ಕೆ ನನಗೆ ಅಳುವೇ ಬಂತು.

ಭಾವನಿಗೆ ನಮಸ್ಕಾರ, ಸಿಪಾಯಿಗೆ ಚಿಕ್ಕಮ್ಮನ ಮುತ್ತು. ಗುಬ್ಬಿ ನಿನ್ನನ್ನು ಬಹಳ ಕೇಳುತ್ತಾಳೆ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಅಕ್ಕಾ, ಲಕೋಟೆ ಅಂಟಿಸಲೆಂದು ಅಂಗಡಿಗೆ ಇಳಿದೆ. ಅಪ್ಪ ನಿನ್ನ ಮಗನ ಕೋಟು ಹೊಲಿಯುತ್ತಿದ್ದರು. ಎಡಭುಜದೊಳಗೆ ಮಾತ್ರ ಹತ್ತಿ ಇಡುತ್ತಿದ್ದರು. ಯಾಕೆ ಎಂದೆ. "ಅವನಿಗೆ ಎರಡು ವರ್ಷದಿಂದ ಹೀಗೇ ಇಡ್ತೀನಲ್ಲ, ಇಲ್ಲದಿದ್ರೆ ಸರಿಯಾಗಿ ಕೂರಲ್ಲ. ಗುಬ್ಬಿ ಫ್ರಾಕಿಗೂ ಹಿಂಗೇ..." ಎಂದವರು ಸೂಜಿ ಕೆಳಗಿಟ್ಟು, ತುಂಬಿದ್ದ ಹತ್ತಿಯನ್ನು ಹೊರಗೆಳೆದರು. ಹೆದರಬೇಡ, ಆದರೆ ನಾಳೆ ಎನ್ನಬೇಡ. ಈಗಲೇ ಅವನ ಅಂಗಿ ಬಿಚ್ಚಿಸಿ, ಬಗ್ಗಿಸಿ ನೋಡು.